ಮಾತು ಬಿಟ್ಟ ಷಡ್ಡಕನ ಜೊತೆ ಕೊರಿಯಾಕ್ಕೆ

ಜವನಗೊಂಡನಹಳ್ಳಿ ಸ್ಟಾಪು

ಕೊರಿಯಾದಿಂದ ಬಂದ ಮೇಲೆ ಹಿರಿಯೂರು ಸಂತೆಯಲ್ಲಿ ಸಿಕ್ಕವರೆಲ್ಲ ಕೇಳಿದ್ದು ಎರಡೇ ಪ್ರಶ್ನೆ. ಅಲ್ಲಿ ಏನು ತಿಂದಿರಿ ಅನ್ನುವುದು ಒಂದು, ತಿಪ್ಪಣ್ಣನ ಜೊತೆ ಹೆಂಗೆ ಕಳೆದಿರಿ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ನಿಂತಲ್ಲೇ ಉತ್ತರ ಹೇಳಬಹುದು. ಎರಡನೆಯದಕ್ಕೆ ಕೂತು ಬರೆಯಬೇಕಾಯಿತು.

ತಿಪ್ಪಣ್ಣ ಅಂದರೆ ತಿಪ್ಪೇಸ್ವಾಮಿ, ನನ್ನ ಷಡ್ಡಕ. ಹೊಳಲ್ಕೆರೆ ಕಡೆಯ ಒಂದೇ ಮನೆಯಿಂದ ಅಕ್ಕ ನಾಗಮ್ಮನನ್ನು ಅವನು ತಂದ, ತಂಗಿ ಗೌರಮ್ಮನನ್ನು ನಾನು ತಂದೆ. ಅವನು ನಮ್ಮ ಹಳ್ಳಿಯ ಪಂಚಾಯಿತಿ ಛೇರ್ಮನ್ನು, ನಾನು ರಂಗಪ್ಪ, ಸೊಸೈಟಿ ಅಧ್ಯಕ್ಷ. ಅಕ್ಕ ತಂಗಿಯರು ಸಾರು ಕುದಿಯುವ ಮೊದಲು ಒಂದು ಸಲ, ಕುದ್ದ ಮೇಲೆ ಒಂದು ಸಲ ಒಬ್ಬರ ಮನೆಗೆ ಒಬ್ಬರು ಹೋಗಿಬರುತ್ತಾರೆ. ನಾವಿಬ್ಬರು ಮಾತ್ರ ಮಾತು ಬಿಟ್ಟು ಆರು ವರ್ಷವಾಗಿತ್ತು.

ಕಾರಣ ಕತ್ತಾಳೆ. ಜವನಗೊಂಡನಹಳ್ಳಿ ದಾಟಿ ಹೆದ್ದಾರಿಯಿಂದ ನಮ್ಮೂರಿಗೆ ಒಂದು ಬಂಡಿದಾರಿ ಒಳಗೆ ಹೋಗುತ್ತದೆ. ಅದರ ಎಡಕ್ಕೆ ನನ್ನ ತೋಟ, ಬಲಕ್ಕೆ ಅವನದು. ಎರಡಕ್ಕೂ ಕತ್ತಾಳೆ ಬೇಲಿ. ಕತ್ತಾಳೆಯ ಗುಣ ಏನೆಂದರೆ ಅದು ಮಾಲೀಕನ ಕಡೆಗೆ ಬೆಳೆಯುವುದಿಲ್ಲ, ದಾರಿಯ ಕಡೆಗೇ ಬೆಳೆಯುತ್ತದೆ. ನನ್ನ ಬೇಲಿ ಸ್ವಲ್ಪ ಬೆಳೆದಿತ್ತು. ಅವನ ಬೇಲಿ ದಾರಿಯನ್ನೇ ನುಂಗಿತ್ತು. ಅವನು ಇದೇ ಮಾತನ್ನು ತಿರುಗಿಸಿ ಹೇಳುತ್ತಿದ್ದ. ಬಸ್ಸಿನ ಮಾಲೀಕ ಒಂದು ದಿನ ಬಂದು ನೋಡಿ, "ಇದ್ರಾಗೆ ಮೇಕೆ ತರಬೌದು, ಬಸ್ ಹೆಂಗ್ ತರ್ಲಿ?" ಎಂದು ಹೊರಟುಹೋದ.

ಬಸ್ಸು ಬೇಕಾಗಿದ್ದು ನಮಗಲ್ಲ. ನನ್ನ ಮಗಳು ಶಾರದೆ, ತಿಪ್ಪಣ್ಣನ ಮಗಳು ಪಾರ್ವತಿ, ಇಬ್ಬರೂ ಆ ವರ್ಷ ಏಳನೇ ಕ್ಲಾಸು ಮುಗಿಸುವವರಿದ್ದರು. ಮುಂದಿನದು ಹಿರಿಯೂರಿನಲ್ಲೇ ಆಗಬೇಕು. ಸಂಜೆ ಕತ್ತಲಾದ ಮೇಲೆ ಹೆದ್ದಾರಿಯಲ್ಲಿಳಿದು ಜಾಲಿಮುಳ್ಳಿನ ನಡುವೆ ನಡೆದು ಬರಬೇಕಾದರೆ ಇಬ್ಬರನ್ನೂ ಓದು ಬಿಡಿಸುವುದೇ ಎಂದು ಎರಡು ಮನೆಯಲ್ಲೂ ತೀರ್ಮಾನವಾಗಿತ್ತು. ಬಿಡಿಒ ಸಾಹೇಬರು ನಮ್ಮನ್ನು ಬೇರೆ ಬೇರೆ ಕರೆಸಿ ಹೇಳಿದರು. "ಇಬ್ರೂ ಒಟ್ಟಿಗೆ ನನ್ನ ಮುಂದೆ ನಿಂತು ಬೇಲಿ ತೆಗಿತೀವಿ ಅಂತ ಹೂಂ ಅನ್ರಿ. ಯುಗಾದಿ ಆದ ಕೂಡ್ಲೇ ಜಲ್ಲಿ ಹಾಕಿಸ್ತೀನಿ. ಇಲ್ಲಾಂದ್ರೆ ರೋಲರು ಹೊಸದುರ್ಗದ ಕಡೆ ಹೋಗುತ್ತೆ, ಆಮೇಲೆ ನನ್ನ ಬೈಬೇಡ್ರಿ."

ಹೂಂ ಅನ್ನುವುದಕ್ಕೆ ನನ್ನ ಅಭ್ಯಂತರವಿರಲಿಲ್ಲ. ಅವನು ಮೊದಲು ಅನ್ನಲಿ ಎಂಬುದಷ್ಟೇ ನನ್ನ ಷರತ್ತು. ಅವನದೂ ಅದೇ ಷರತ್ತು.

ಇಷ್ಟರಲ್ಲಿ ಕೊರಿಯಾದ ಹಳ್ಳಿಗಳು ಹೇಗೆ ಮುಂದೆ ಬಂದವು ಎಂದು ನೋಡಿಬರುವುದಕ್ಕೆ ದೇಶದ ಬೇರೆ ಬೇರೆ ಕಡೆಯಿಂದ ಹಳ್ಳಿಯವರ ಒಂದು ತಂಡ ಹೊರಡುತ್ತದೆಂದೂ, ನಮ್ಮ ತಾಲ್ಲೂಕಿನಿಂದ ನಾವಿಬ್ಬರು ಆರಿಸಲ್ಪಟ್ಟಿದ್ದೇವೆಂದೂ ಸುದ್ದಿ ಬಂತು. ಸುದ್ದಿ ಹೇಳುವಾಗ ಬಿಡಿಒ ಸಾಹೇಬರು ನಗುತ್ತಿದ್ದರು. ಮನೆಗೆ ಬಂದರೆ ಗೌರಮ್ಮನೂ ನಗುತ್ತಿದ್ದಳು. ನನಗೆ ಆಗಲೇ ಅನುಮಾನ ಬರಬೇಕಿತ್ತು.

ವಿಮಾನದೊಳಗೆ

ನಮ್ಮ ಕಡೆ ಮಾತು ಬಿಡುವುದಕ್ಕೂ ಒಂದು ಶಿಸ್ತಿದೆ. ಮಾತು ಬಿಟ್ಟವರು ಮೂಕರಾಗಿರುವುದಿಲ್ಲ. ಹೇಳಬೇಕಾದ್ದನ್ನು ಹತ್ತಿರದಲ್ಲಿ ಯಾರಿದ್ದಾರೋ ಅವರಿಗೆ ಹೇಳುತ್ತಾರೆ, ಕೇಳಿಸಿಕೊಳ್ಳಬೇಕಾದವರು ಕೇಳಿಸಿಕೊಳ್ಳುತ್ತಾರೆ. ಯಾರೂ ಇಲ್ಲದಿದ್ದರೆ ಎತ್ತು ಇರುತ್ತದೆ, ಎತ್ತಿಲ್ಲದಿದ್ದರೆ ಗೋಡೆ. ಆರು ವರ್ಷ ನಾವು ಹೀಗೇ ಸುಖವಾಗಿ ಜಗಳವಾಡಿಕೊಂಡಿದ್ದೆವು.

ವಿಮಾನದಲ್ಲಿ ಎತ್ತೂ ಇಲ್ಲ, ಗೋಡೆಯೂ ಬಾಗಿಕೊಂಡಿತ್ತು. ತಂಡದಲ್ಲಿ ಪಂಜಾಬಿನವರಿದ್ದರು, ಬಂಗಾಳದವರಿದ್ದರು. ಕನ್ನಡ ಬಲ್ಲವರು ನಾವಿಬ್ಬರೇ. ಅದಕ್ಕೆಂದೇ ನಮ್ಮನ್ನು ಅಕ್ಕಪಕ್ಕ ಕೂರಿಸಿದ್ದರು. ಸೊಂಟಕ್ಕೆ ಪಟ್ಟಿ ಕಟ್ಟಿಕೊಳ್ಳಿ ಎಂದರು. ನಾನು ಕೈಗೆ ಸಿಕ್ಕ ಎರಡು ತುದಿಗಳನ್ನು ಸೇರಿಸಿ ಟಕ್ಕೆಂದು ಹಾಕಿದೆ. ಅದರಲ್ಲೊಂದು ನನ್ನದು, ಇನ್ನೊಂದು ತಿಪ್ಪಣ್ಣನದು. ಅವನು ಉಳಿದೆರಡನ್ನು ಹುಡುಕಿ, ಎಳೆದು, ಅವನೂ ಟಕ್ಕೆನಿಸಿದ. ಎರಡು ಎತ್ತುಗಳನ್ನು ಒಂದೇ ಹಗ್ಗಕ್ಕೆ ಕಟ್ಟಿದಂತಾಯಿತು. ಬಿಚ್ಚುವುದು ಹೇಗೆಂದು ಇಬ್ಬರಿಗೂ ತಿಳಿಯದು, ಒಬ್ಬರನ್ನೊಬ್ಬರು ಕೇಳುವ ಹಾಗಿಲ್ಲ.

ಕೊನೆಗೆ ತಿಪ್ಪಣ್ಣ ವಿಮಾನದ ಹುಡುಗಿಯನ್ನು ಕರೆದು ಅಚ್ಚ ಕನ್ನಡದಲ್ಲಿ, "ನೋಡವ್ವ, ಬೇಲಿ ಒತ್ತಿದ್ದು ಸಾಲ್ದು ಅಂತ ಈಗ ಸೊಂಟದ ಪಟ್ಟೀನೂ ಒತ್ತವ್ರೆ" ಎಂದ. ಅವಳು ನಕ್ಕು ಕುಡಿಯಲು ನೀರು ತಂದುಕೊಟ್ಟಳು.

ಸಿಯೋಲ್

ಸಿಯೋಲಿನಲ್ಲಿ ನಮಗೆ ಗಂಟುಬಿದ್ದವರು ಕಿಮ್ ಅವರು. ನಡುವಯಸ್ಸಿನ ಸರ್ಕಾರಿ ಅಧಿಕಾರಿ, ಒಳ್ಳೆಯ ಇಂಗ್ಲಿಷು, ಎದೆಯುಬ್ಬಿಸಿ ನಡೆಯುವ ಮನುಷ್ಯ. ಆ ಕಛೇರಿಯಲ್ಲಿ ಕಿಮ್ ಎಂದು ಕೂಗಿದರೆ ಅರ್ಧ ಜನ ತಿರುಗುತ್ತಿದ್ದರು. ನಾಯಕನಹಟ್ಟಿ ಜಾತ್ರೆಯಲ್ಲಿ ತಿಪ್ಪೇಸ್ವಾಮಿ ಎಂದು ಕೂಗಿದ ಹಾಗೆ. ತಿಪ್ಪಣ್ಣ ಮೊದಲ ದಿನವೇ ಅವರಿಗೆ ಕಿಮ್ಮಪ್ಪ ಎಂದು ಹೆಸರಿಟ್ಟು ನಮ್ಮ ನಡುವಿನ ಗೋಡೆಯ ಕೆಲಸಕ್ಕೆ ಸೇರಿಸಿಕೊಂಡ.

ಚಳಿ ಎಂದರೆ ಹಲ್ಲು ತಾಳ ಹಾಕುವ ಚಳಿ. ನಾನು ಚಿತ್ರದುರ್ಗದಲ್ಲಿ ಹೊಲಿಸಿದ ಕೋಟು ತೊಟ್ಟು ನಡುಗುತ್ತಿದ್ದೆ. ತಿಪ್ಪಣ್ಣ ತನ್ನ ಕರಿ ಕಂಬಳಿ ಹೊದ್ದು, ಅದರೊಳಗೆ ಅರಸನ ಹಾಗೆ ಬೆಚ್ಚಗಿದ್ದ. "ಕಿಮ್ಮಪ್ಪ, ಕೋಟು ಬಂದ್ ಮೇಲೆ ಕೆಲವ್ರಿಗೆ ಕಂಬ್ಳಿ ನಾತ ಬರಾಕ್ ಹತ್ತಿತ್ತು. ಈಗ ಹೆಂಗೈತೆ ಅಂತ ಕೇಳಪ್ಪ" ಎಂದ. ಕಿಮ್ ಅವರು ಬಗ್ಗಿ ನಮಸ್ಕರಿಸಿದರು. "ಕಿಮ್ಮಪ್ನೋರೇ, ನಂಗೇನೂ ಚಳಿ ಇಲ್ಲ ಅಂತ ತಿಳಿಸ್ರಿ" ಎಂದು ನಾನು ಹಲ್ಲು ಕಟಕಟಿಸುತ್ತ ಹೇಳಿದೆ. ಅವರು ನನಗೂ ಬಗ್ಗಿದರು. ಇದು ಭಾರತದ ಹಳ್ಳಿಗಳ ಶಿಷ್ಟಾಚಾರವೆಂದು ಅವರು ತಿಳಿದುಕೊಂಡಿದ್ದಾರೆಂಬುದು ನನಗೆ ತಡವಾಗಿ ಗೊತ್ತಾಯಿತು. ತಮ್ಮ ದೇಶದಲ್ಲೂ ಹಿರಿಯರೊಡನೆ ನೇರವಾಗಿ ಮಾತಾಡದೆ ಮಧ್ಯಸ್ಥರನ್ನು ಇಡುವ ಪದ್ಧತಿ ಇತ್ತೆಂದು ಅವರು ನನಗೆ ಬಹಳ ಸಂತೋಷದಿಂದ ಹೇಳಿದರು.

ಊಟಕ್ಕೆ ಕೂತಾಗ ಇನ್ನೊಂದು ಪಿತೂರಿ ಬಯಲಾಯಿತು. ಅಲ್ಲಿನ ಎಲೆಕೋಸಿನ ಉಪ್ಪಿನಕಾಯಿ ಹೊತ್ತುಹೊತ್ತಿಗೆ ಬರುತ್ತದೆ. ಖಾರಕ್ಕೆ ನಮ್ಮವರೇನೂ ಹೆದರುವುದಿಲ್ಲ. ಆದರೆ ಅದರ ವಾಸನೆಗೆ ಒಗ್ಗಿಕೊಳ್ಳುವವರೆಗೆ ಹೊಟ್ಟೆಗೆ ಏನಾದರೂ ಬೇಕಲ್ಲ. ನಾನು ಚೀಲ ಬಿಚ್ಚಿದೆ. ಗೌರಮ್ಮ ಬರೀ ಶೇಂಗಾ ಚಟ್ನಿಪುಡಿ ಕಟ್ಟಿದ್ದಳು, ಒಂದು ಡಬ್ಬಿ ತುಂಬ. ರೊಟ್ಟಿ ಒಂದೂ ಇರಲಿಲ್ಲ. ಎದುರಿಗೆ ತಿಪ್ಪಣ್ಣ ತನ್ನ ಗಂಟು ಬಿಚ್ಚಿ ನಿಟ್ಟುಸಿರು ಬಿಟ್ಟ. ಒಣಗಿಸಿದ ಸಜ್ಜೆ ರೊಟ್ಟಿ, ಎದೆಯೆತ್ತರ. ಪುಡಿ ಒಂದು ಚಿಟಿಕೆಯೂ ಇಲ್ಲ.

ಅಕ್ಕ ತಂಗಿಯರು ಕೂತು ಯೋಚನೆ ಮಾಡಿ ಹಂಚಿದ್ದರು.

"ಕಿಮ್ಮಪ್ಪ, ಪುಡಿ ಇರೋರು ರೊಟ್ಟಿ ಕೇಳಿದ್ರೆ ಕೊಡಾಣ" ಎಂದ ತಿಪ್ಪಣ್ಣ. "ಕಿಮ್ಮಪ್ನೋರೇ, ರೊಟ್ಟಿ ಇರೋರೇ ಪುಡಿ ಕೇಳಬೌದಲ್ಲ" ಎಂದೆ ನಾನು. ಕಿಮ್ ಅವರು ಒಂದು ಕ್ಷಣ ಇಬ್ಬರನ್ನೂ ನೋಡಿದರು. ಆಮೇಲೆ ಅವನ ಒಂದು ರೊಟ್ಟಿ ತೆಗೆದುಕೊಂಡು, ನನ್ನ ಡಬ್ಬಿಯಿಂದ ಪುಡಿ ಹಾಕಿಕೊಂಡು, ಎರಡೂ ಕಡೆ ಬಗ್ಗಿ, ತಾವೇ ತಿಂದರು. ರುಚಿ ಹತ್ತಿತೆಂದು ಕಾಣುತ್ತದೆ, ಇನ್ನೊಂದು ತೆಗೆದುಕೊಂಡರು. ನಾವಿಬ್ಬರೂ ಆ ಹೊತ್ತು ಎಲೆಕೋಸನ್ನೇ ತಿಂದೆವು.

ಗೋಡೆಯ ಮೇಲಿನ ನಕ್ಷೆ

ಮರುದಿನ ಕಿಮ್ ಅವರು ಒಂದು ಉದ್ದ ಕೋಲು ಹಿಡಿದು ಗೋಡೆಯ ನಕ್ಷೆಯ ಮುಂದೆ ನಿಂತು ತಮ್ಮ ದೇಶದ ದಾರಿಯನ್ನು ವಿವರಿಸಿದರು. ಯುದ್ಧ ಮುಗಿದಾಗ ನಮ್ಮಲ್ಲಿ ಹೊಗೆ ಬಿಟ್ಟರೆ ಏನೂ ಇರಲಿಲ್ಲ. ಮೊದಲು ಅಕ್ಕಿ, ಆಮೇಲೆ ಬಟ್ಟೆ, ಈಗ ಸಿಮೆಂಟು, ಉಕ್ಕು, ಹಡಗು. ಮುಂದೆ ಏನು ಮಾಡಬೇಕೆಂಬುದನ್ನೂ ಈಗಲೇ ಬರೆದಿಟ್ಟಿದ್ದೇವೆ ಎಂದರು. ಕೋಲಿನ ತುದಿ ನಕ್ಷೆ ದಾಟಿ ಗೋಡೆಯ ಖಾಲಿ ಜಾಗಕ್ಕೆ ಹೋಯಿತು. ಅಲ್ಲಿ ಇನ್ನೂ ಏನೂ ಬರೆದಿರಲಿಲ್ಲ, ಆದರೆ ಅವರು ಅದನ್ನೂ ಓದುವವರ ಹಾಗೆ ತೋರಿಸಿದರು.

ನನಗೆ ಹೊಟ್ಟೆಕಿಚ್ಚಾಯಿತು. ನಮ್ಮಲ್ಲೂ ನಕ್ಷೆಗಳಿವೆ, ಕೋಲೂ ಇದೆ. ನಮ್ಮವರು ಕೋಲನ್ನು ನಕ್ಷೆಯ ಮಧ್ಯಕ್ಕೆ ತರುವಷ್ಟರಲ್ಲಿ ಟೀ ಬರುತ್ತದೆ.

ತಿಪ್ಪಣ್ಣ ಕಂಬಳಿಯೊಳಗಿಂದ ಕೈ ಎತ್ತಿದ. "ಕಿಮ್ಮಪ್ಪ, ಎಲ್ರೂ ಉಕ್ಕು ಕಾಸಾಕ್ ಹೋದ್ರೆ ಹೊಲ ಯಾರ್ ಉಳ್ತಾರೆ?" ನಾನು ಅದನ್ನು ನನಗೆ ಬರುವಷ್ಟು ಇಂಗ್ಲಿಷಿಗೆ ತಿರುಗಿಸಿದೆ. ತಿಪ್ಪಣ್ಣನ ಪ್ರಶ್ನೆಯನ್ನು ಕಿಮ್ ಅವರಿಗೆ ಹೇಳಿದರೆ ತಿಪ್ಪಣ್ಣನ ಜೊತೆ ಮಾತಾಡಿದಂತಾಗುವುದಿಲ್ಲ. ಉತ್ತರವನ್ನು ಕನ್ನಡದಲ್ಲಿ ಕಿಟಕಿಗೆ ಹೇಳಿದೆ. ಯಂತ್ರ ಉಳುತ್ತದಂತೆ ಎಂದು.

"ಯಂತ್ರ ಉಳ್ಳಿ. ಸಂಜಿಗೆ ಕಟ್ಟೆ ಮೇಲೆ ಕುಂತು ಮಾತಾಡಾಕೂ ಯಂತ್ರನೇ ಬರ್ತೈತಾ ಕೇಳು" ಎಂದು ಅವನೂ ಕಿಟಕಿಗೇ ಹೇಳಿದ. ಅದನ್ನು ನಾನು ತಿರುಗಿಸಲಿಲ್ಲ. ಆರು ವರ್ಷದಿಂದ ನಾವಿಬ್ಬರು ಕಟ್ಟೆಯ ಎರಡು ತುದಿಯಲ್ಲಿ ಕೂರುತ್ತಿದ್ದವರು.

ಬೆಟ್ಟದ ಬುಡದ ಹಳ್ಳಿ

ಆ ಹಳ್ಳಿಗೆ ಹೋಗುವಾಗ ದಾರಿಯಲ್ಲಿ ಕಂಡ ಮನೆಗಳಿಗೆಲ್ಲ ಹುಲ್ಲಿನ ಮಾಡು ಹೋಗಿ ಕೆಂಪು ನೀಲಿ ಶೀಟಿನ ಮಾಡು ಬಂದಿತ್ತು. ಬೆಳಗಾದ ಕೂಡಲೇ ಮೈಕಿನಲ್ಲಿ ಹಾಡು ಹಾಕಿ ಎಲ್ಲರನ್ನೂ ಕೆಲಸಕ್ಕೆ ಎಬ್ಬಿಸುತ್ತಾರೆ. ನಮ್ಮಲ್ಲಿ ಮೈಕು ಹಾಕಿದರೆ ಜನ ಊಟಕ್ಕೆ ಬರುತ್ತಾರೆ.

ಊರ ಮುಖಂಡರ ಮನೆಯಲ್ಲಿ ನಮ್ಮನ್ನು ಕೂರಿಸಿದರು. ನೆಲದಡಿಯಲ್ಲಿ ಬೆಂಕಿಯ ಹೊಗೆ ಹಾಯಿಸಿ ನೆಲವನ್ನೇ ಕಾಯಿಸುವ ಪದ್ಧತಿ ಅವರದು. ಅತ್ಯಂತ ಬಿಸಿಯಾದ ಜಾಗ ಅತಿಥಿಗೆ. ಮರ್ಯಾದೆ ಮಾಡುತ್ತಿದ್ದಾರೆಂದು ತಿಳಿದು ನಾನು ಗಟ್ಟಿಯಾಗಿ ಕೂತೆ. ಸ್ವಲ್ಪ ಹೊತ್ತಿಗೆ ಮರ್ಯಾದೆ ಕುಂಡಿ ಸುಡತೊಡಗಿತು. ತಿಪ್ಪಣ್ಣ ತನ್ನ ಕಂಬಳಿಯನ್ನು ಮಡಿಸಿ ಅಡಿಗೆ ಹಾಕಿಕೊಂಡು ನನ್ನನ್ನೇ ನೋಡುತ್ತಿದ್ದ. ಆಮೇಲೆ ಕಂಬಳಿಯ ಒಂದು ಮಡಿಕೆ ಬಿಚ್ಚಿ ನನ್ನ ಕಡೆಗೆ ತಳ್ಳಿದ. "ಕಿಮ್ಮಪ್ಪ, ಸುಟ್ಕಂಡ್ ಮೇಲೆ ಹೊತ್ಕಂಡ್ ಹೋಗಾದು ನನ್ ಕೈಲಾಗಲ್ಲ ಅಂತ ಹೇಳು" ಎಂದ. ನಾನು ಅದರ ಮೇಲೆ ಸರಿದೆ.

ಕಿಮ್ ಅವರು ಮೊದಲೇ ಊರವರಿಗೆ ನಮ್ಮ ಶಿಷ್ಟಾಚಾರ ತಿಳಿಸಿಟ್ಟಿದ್ದರು. ಹಾಗಾಗಿ ಮುಖಂಡರು ನಮಗೆ ಹೇಳಬೇಕಾದ್ದನ್ನು ಪಕ್ಕದಲ್ಲಿದ್ದ ಮಹಿಳಾ ಮಂಡಳಿಯ ಅಜ್ಜಿಗೆ ಹೇಳಿದರು. ಅಜ್ಜಿ ಕಿಮ್ ಅವರಿಗೆ ಹೇಳಿದಳು. ಕಿಮ್ ನನಗೆ ಹೇಳಿದರು. ನಾನು ಗೋಡೆಗೆ ಹೇಳಿದೆ. ತಿಪ್ಪಣ್ಣನಿಗೆ ತಲುಪುವ ಹೊತ್ತಿಗೆ ಟೀ ಆರಿತ್ತು.

ಹೇಳಿದ್ದಿಷ್ಟು. ಸರ್ಕಾರದವರು ಊರಿಗೆ ಸಿಮೆಂಟು ಕೊಟ್ಟರು. ರಸ್ತೆ ನೀವೇ ಮಾಡಿಕೊಳ್ಳಿ ಅಂದರು. ರಸ್ತೆಗೆ ಅಡ್ಡ ಬಂದ ಗೋಡೆಗಳನ್ನು ಮನೆಯವರೇ ಹಿಂದಕ್ಕೆ ಸರಿಸಿಕೊಂಡರು. ಮೊದಲು ಯಾರು ಸರಿಸಿದರೆಂದು ಕೇಳಬೇಡಿ, ಅದರ ಜಗಳ ಇನ್ನೂ ನಡೆದಿದೆ. "ನಿಮ್ಮೂರಿನಲ್ಲಿ ರಸ್ತೆಗೆ ಜಾಗ ಬಿಟ್ಟವರು ಯಾರು?" ಎಂದು ಮುಖಂಡರು ಅಜ್ಜಿಯನ್ನು ಕೇಳಿದರು.

ಪ್ರಶ್ನೆ ನನ್ನ ತನಕ ಬಂದು ನಿಂತುಬಿಟ್ಟಿತು. ನಾನು ಗೋಡೆಗೆ ಹೇಳಲಿಲ್ಲ. ತಿಪ್ಪಣ್ಣ ಕೇಳಿಸಿಕೊಳ್ಳಲೂ ಇಲ್ಲ, ಆದರೆ ನನ್ನ ಮುಖ ನೋಡಿ ಅವನಿಗೆ ತಿಳಿದುಹೋಯಿತು. ಇಬ್ಬರೂ ಆರಿದ ಟೀ ಕುಡಿದೆವು.

ಅಜ್ಜಿಯ ಗೋಡೆ

ಉಳಿದಿದ್ದ ಕೊನೆಯ ಗೋಡೆ ಆ ಅಜ್ಜಿಯದೇ. ಅವತ್ತು ಅದರ ಕಲ್ಲುಗಳನ್ನು ಹಿಂದಕ್ಕೆ ಹೊರುವ ಕೆಲಸ. ಅತಿಥಿಗಳೂ ಕೈ ಹಾಕಬೇಕೆಂದರು. ದೊಡ್ಡ ಕಲ್ಲಿಗೆ ಹಗ್ಗ ಸುತ್ತಿ, ಹಗ್ಗಕ್ಕೆ ಗಳ ತೂರಿಸಿ, ಹಿಂದೊಬ್ಬ ಮುಂದೊಬ್ಬ ಹೆಗಲ ಮೇಲೆ ಹೊರಬೇಕು. ಒಂದೇ ಊರಿನವರು, ಹೆಜ್ಜೆ ಕೂಡುತ್ತದೆ ಎಂದು ಕಿಮ್ ಅವರು ನಮ್ಮಿಬ್ಬರಿಗೆ ಒಂದು ಗಳ ಕೊಟ್ಟರು.

ಎತ್ತಿದೆವು. ನನ್ನ ಹೆಜ್ಜೆ ಬಲಕ್ಕೆ, ಅವನದು ಎಡಕ್ಕೆ. ನಡುವೆ ತೂಗಿದ ಕಲ್ಲು ಮೊದಲು ನನ್ನ ಮೊಣಕಾಲಿಗೆ, ಆಮೇಲೆ ನ್ಯಾಯವಾಗಿ ಅವನ ಮೊಣಕಾಲಿಗೆ ಬಡಿಯಿತು. ಅಜ್ಜಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ಅವರ ಕಡೆಯವರು "ಯೊಂಗ್ಚಾ, ಯೊಂಗ್ಚಾ" ಎನ್ನುತ್ತ ಸಲೀಸಾಗಿ ಹೊತ್ತು ಹೋಗುತ್ತಿದ್ದರು. ಭಾರ ಎತ್ತುವವರು ಕೂಗಲೇಬೇಕು. ಕೂಗಲಿಕ್ಕೆ ಒಬ್ಬ, ಐಸಾ ಅನ್ನಲಿಕ್ಕೆ ಇನ್ನೊಬ್ಬ. ಅದಿಲ್ಲದೆ ನಮ್ಮೂರಲ್ಲಿ ಒಂದು ಬಾವಿಗೂ ಕಲ್ಲು ಕೂತಿಲ್ಲ.

"ಕಿಮ್ಮಪ್ಪ, ಐಸಾ ಅನ್ನಾದು ಮಾತಲ್ಲ, ಕೂಗು. ಕೂಗಿದ್ರೆ ಮಾತಾಡ್ದಂಗಾಗಲ್ಲ ಅಂತ ಅವ್ರಿಗೆ ಹೇಳಪ್ಪ" ಎಂದ ತಿಪ್ಪಣ್ಣ. ನ್ಯಾಯ ಸರಿ ಎನಿಸಿತು. ನಾನು ಮುಂದೆ, ಅವನು ಹಿಂದೆ. ಹಿಂದಿನವನು ಕೂಗುವುದು ವಾಡಿಕೆ. ಅದರಲ್ಲೇನು ಮೋಸವಿದೆ ಎಂದು ಕಲ್ಲು ಹೆಗಲಿಗೇರಿದ ಮೇಲೆ ತಿಳಿಯಿತು.

"ದಾರಿ ತಿಂದ ಕಳ್ಳ ಬೇಲಿ!"

ಐಸಾ ಅನ್ನದಿದ್ದರೆ ಹೆಜ್ಜೆ ತಪ್ಪುತ್ತದೆ, ಹೆಜ್ಜೆ ತಪ್ಪಿದರೆ ಕಲ್ಲು ಮೊಣಕಾಲಿಗೆ ಬರುತ್ತದೆ. "ಐಸಾ" ಎಂದೆ.

"ಯಾರ ಬೇಲಿ, ರಂಗನ ಬೇಲಿ!"

"ಐಸಾ."

"ತಾನೇ ಕಿತ್ತು ದಾರಿ ಬಿಡ್ತಾನ್!"

ನಾನು ಬಾಯಿ ಮುಚ್ಚಿದೆ. ಕಲ್ಲು ತೂಗಾಡಿತು. "ಐಸಾ" ಎಂದು ಅರಚಿದೆ. ಅಷ್ಟರಲ್ಲಿ ಊರವರಿಗೆಲ್ಲ ಆ ಕೂಗು ಹಿಡಿಸಿ, ಅಜ್ಜಿಯಿಂದ ಹಿಡಿದು ಎಲ್ಲರೂ ನನ್ನ ಜೊತೆ ಐಸಾ ಅನ್ನತೊಡಗಿದ್ದರು. ನನ್ನ ಬೇಲಿಯ ವಿಚಾರದಲ್ಲಿ ಕೊರಿಯಾದ ಒಂದು ಇಡೀ ಹಳ್ಳಿ ತಿಪ್ಪಣ್ಣನ ಪಕ್ಷ ವಹಿಸಿತು.

ಎರಡನೆಯ ಕಲ್ಲಿಗೆ ನಾನು ಹಟ ಹಿಡಿದು ಹಿಂದಕ್ಕೆ ಹೋದೆ.

"ದೊಡ್ಡೋರ್ ಬೇಲಿ ದೊಡ್ಡದೈತೆ!"

ಅವನ ಬೆನ್ನು ಬಿಗಿಯಾಯಿತು. "ಐಸಾ."

"ತಿಪ್ಪಣ್ಣನೇ ಮೊದ್ಲು ಕೀಳ್ತಾನ್!"

"ಐಸಾ." ಕಿವಿಗಳು ಕೆಂಪಾಗಿದ್ದುದು ಹಿಂದಿನಿಂದ ಕಾಣುತ್ತಿತ್ತು.

"ಬಿಡಿಒ ಮುಂದೆ ಹೂಂ ಅಂತಾನ್!"

"ಐಸಾ" ಎಂದ, ಊರೂ ಐಸಾ ಎಂದಿತು. ಕಲ್ಲು ಇಳಿಸಿ ಇಬ್ಬರೂ ಏದುಸಿರು ಬಿಡುತ್ತ ಕೂತೆವು. ನನಗೆ ಆ ದೇಶ ಬಹಳ ಹಿಡಿಸಿಹೋಯಿತು.

ಸಂಜೆ ಅಜ್ಜಿ ಬಾರ್ಲಿ ಹುರಿದು ಕುದಿಸಿದ ನೀರು ಕೊಟ್ಟಳು. ರಸ್ತೆ ಬಂದು ನಿಮಗೆ ಒಳ್ಳೆಯದಾಯಿತೇ ಎಂದು ಕಿಮ್ ಅವರ ಮೂಲಕ ಕೇಳಿದೆ. ಅವಳು ಕಿಮ್ ಅವರನ್ನು ನೋಡದೆ ನಮ್ಮನ್ನೇ ನೋಡುತ್ತ ಹೇಳಿದಳು. ಈ ರಸ್ತೆಯಲ್ಲೇ ನನ್ನ ಮಗಳು ಪಟ್ಟಣದ ಕಾರ್ಖಾನೆಗೆ ಹೋದಳು. ಹಬ್ಬಕ್ಕೆ ಇದೇ ರಸ್ತೆಯಲ್ಲಿ ಬರುತ್ತಾಳೆ. ಊರವರು ಗೋಡೆ ಸರಿಸದೇ ಇದ್ದಿದ್ದರೆ ಹೋಗುತ್ತಿರಲಿಲ್ಲ, ನಿಜ. ಆದರೆ ಗೋಡೆ ನೋಡಿಕೊಂಡು ನನ್ನ ಹಾಗೆ ಕೂತಿರುತ್ತಿದ್ದಳು.

ಕಿಮ್ ಅವರು ಇದನ್ನು ಇಂಗ್ಲಿಷಿಗೆ ತಿರುಗಿಸಿದರು. ನಾನು ಕಂಬಕ್ಕೆ ಹೇಳಿದೆ. ಹೇಳುವಾಗ ಶಾರದೆ ಕಣ್ಣೆದುರು ಬಂದಳು. ತಿಪ್ಪಣ್ಣ ಕಂಬಳಿಯಿಂದ ಮೂಗು ಒರೆಸಿಕೊಂಡು, "ಕಿಮ್ಮಪ್ಪ, ಹೊಗೆ ಜಾಸ್ತಿ ಐತೆ" ಎಂದ. ಅಲ್ಲಿ ಹೊಗೆ ಇರಲಿಲ್ಲ.

ಮತ್ತೆ ಹಿರಿಯೂರು

ಊರಿಗೆ ಬಂದು ಬಿಡಿಒ ಸಾಹೇಬರ ಮುಂದೆ ನಿಂತೆವು. "ಹೂಂ ಅಂತೀರೋ ಇಲ್ವೋ?" ಎಂದರು.

"ನನ್ನ ಕೇಳ್ತೀರೇನ್ರಿ? ಅವ್ನು ಕೊರಿಯಾದಾಗೇ ಐಸಾ ಅಂದಾನೆ. ಇಡೀ ಊರು ಸಾಕ್ಷಿ" ಎಂದ ತಿಪ್ಪಣ್ಣ.

"ಸಾಹೇಬ್ರೆ, ಅವ್ರೂ ಅಂದವ್ರೆ. ಅದೇ ಊರು ಸಾಕ್ಷಿ" ಎಂದೆ.

"ಹಂಗಾದ್ರೆ ಇಬ್ರೂ ಒಪ್ಪಿದಂಗಾತು" ಎಂದು ಸಾಹೇಬರು ಎದ್ದು ರೋಲರಿಗೆ ಹೇಳಿಕಳಿಸಲು ಹೋದರು. ಒಬ್ಬರನ್ನೊಬ್ಬರು ಸಿಕ್ಕಿಹಾಕಿಸುವ ಭರದಲ್ಲಿ ಇದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ಜೂನ್‌ನಲ್ಲಿ ಬಸ್ಸು ಬಂತು. ಹುಡುಗಿಯರಿಬ್ಬರೂ ಕಿಟಕಿ ಸೀಟಿಗೆ ಜಗಳವಾಡುತ್ತ ಹತ್ತಿದರು. ಆದರೆ ನಾನು ಹೇಳಿ ಮುಗಿಸಬೇಕಾದ್ದು ಅದಕ್ಕೂ ಮುಂಚೆ, ಬೇಲಿ ಕಿತ್ತ ದಿನದ ಮಾತು.

ಮೊದಲು ಯಾರು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿರಲಿಲ್ಲ. ಬೆಳಿಗ್ಗೆ ಹಾರೆ ಹಿಡಿದು ನನ್ನ ಬೇಲಿಯ ಬಳಿ ನಿಂತೆ. ದಾರಿಯ ಆಚೆ ಅವನೂ ಹಾರೆ ಹಿಡಿದು ನಿಂತಿದ್ದ. ಬಹಳ ಹೊತ್ತು ಇಬ್ಬರೂ ಕತ್ತಾಳೆಯನ್ನು ಮೊದಲ ಸಲ ಕಂಡವರ ಹಾಗೆ ನೋಡಿದೆವು. ಆಮೇಲೆ ಆ ಕಡೆಯಿಂದ ಕೂಗು ಬಂತು.

"ಪಾರ್ವತಿ ಶಾರದಿ ಬಸ್ಸಿಗ್ ಹೋಗ್ಲಿ!"

"ಐಸಾ" ಎಂದು ಹಾರೆ ಹಾಕಿದೆ. ಅವನ ಹಾರೆಯೂ ಅದೇ ಕ್ಷಣಕ್ಕೆ ಬಿತ್ತು. ಬಿಸಿಲೇರುವ ಹೊತ್ತಿಗೆ ಎರಡು ಬೇಲಿಯೂ ನೆಲದಲ್ಲಿ ಮಲಗಿದ್ದವು.

ಊಟ ಬಂತು. ನಾಗಮ್ಮ ತನ್ನ ಗಂಡನ ಮುಂದೆ ಬುಟ್ಟಿ ಇಟ್ಟು ಹೋದಳು, ಗೌರಮ್ಮ ನನ್ನ ಮುಂದೆ. ನಾನು ಬುಟ್ಟಿ ತೆರೆದೆ. ಶೇಂಗಾ ಚಟ್ನಿಪುಡಿಯ ಡಬ್ಬಿ, ಬರೀ ಪುಡಿ. ಆಚೆ ಕಡೆ ತಿಪ್ಪಣ್ಣ ರೊಟ್ಟಿ ಹಿಡಿದು ಕೂತಿದ್ದ. ಸುತ್ತ ನೋಡಿದ. ಎತ್ತುಗಳು ಮೇಯಲು ಹೋಗಿದ್ದವು. ಕೂಗಲು ಕಲ್ಲಿರಲಿಲ್ಲ. ಮಾತು ಹೇಳಿಕಳಿಸಲು ಬೇಲಿಯೂ ಇರಲಿಲ್ಲ.

"ಕಿಮ್ಮಪ್ಪ ಇಲ್ವಲ್ಲೋ" ಎಂದ, ತನಗೇ ಎಂಬಂತೆ. ಆಮೇಲೆ ತಲೆ ಎತ್ತಿ ನೇರ ನನ್ನ ಮುಖ ನೋಡಿದ.

"ಲೇ ರಂಗಪ್ಪ, ಪುಡಿ ತಗಂಡ್ ಬಾರೋ. ರೊಟ್ಟಿ ಆರ್ತಾವೆ."

ಅವನು ಮೊದಲು ಮಾತಾಡಿದ ದಿನ ಅವನಿಗೆ ಏನನ್ನಬೇಕೆಂದು ಆರು ವರ್ಷದಿಂದ ನಾನು ಒಂದು ಒಳ್ಳೆಯ ಚುಚ್ಚುಮಾತು ಸಿದ್ಧ ಮಾಡಿಟ್ಟುಕೊಂಡಿದ್ದೆ. ಡಬ್ಬಿ ಎತ್ತಿಕೊಂಡು ಹೊರಟೆ. ದಾರಿ ಈಗ ಎಷ್ಟು ಅಗಲವಾಗಿತ್ತೆಂದರೆ, ಅದನ್ನು ದಾಟಿ ಅವನ ಹತ್ತಿರ ಹೋಗುವಷ್ಟರಲ್ಲಿ ಆ ಮಾತು ಮರೆತುಹೋಗಿತ್ತು.

"ತಗೋ ಅಣ್ಣ" ಎಂದು ಡಬ್ಬಿ ಕೊಟ್ಟು ಅವನ ಪಕ್ಕ ಕೂತೆ.